ವೈ, ಕಂಪೀಟ್, ಕಂಟೆಂಡ್, ಕಂಟೆಸ್ಟ್, ರೈವಲ್: ‘ಸ್ಪರ್ಧಿಸು’ ಎನ್ನಲು ಇಂಗ್ಲಿಷಿನಲ್ಲಿ ಯಾವ ಕ್ರಿಯಾಪದ?

ಕೋಲಾರದ ಟೊಮೆಟೊ ಮಂಡಿಯಲ್ಲಿ ಒಂದು ಲಾಟಿಗೆ ನಾಲ್ಕು ಜನ ವರ್ತಕರು ದರ ಏರಿಸುತ್ತಾ ಹೋಗುತ್ತಾರೆ. ತುಮಕೂರಿನಲ್ಲಿ ಒಂದೇ ಪಕ್ಷದ ಟಿಕೆಟ್‌ಗೆ ಐವರು ಬೆಂಗಳೂರಿಗೆ ಓಡಾಡುತ್ತಾರೆ. ಚಿಕ್ಕಬಳ್ಳಾಪುರದ ಶಾಲೆಯ ಹುಡುಗಿ ರಾಜ್ಯ ಮಟ್ಟದ ಓಟಕ್ಕೆ ಹೋಗುತ್ತಾಳೆ. ಕನ್ನಡದಲ್ಲಿ ಮೂರನ್ನೂ ‘ಸ್ಪರ್ಧೆ’ ಎಂದರೆ ಯಾರೂ ತಪ್ಪು ಹಿಡಿಯುವುದಿಲ್ಲ. ಅದೇ ಅಭ್ಯಾಸದಲ್ಲಿ ಇಂಗ್ಲಿಷಿಗೆ ಹೋದಾಗ ಮೂರಕ್ಕೂ ‘ಕಂಪೀಟ್’ ಎಂದು ಬರೆಯುತ್ತೇವೆ. ಅರ್ಥವೇನೋ ತಲುಪುತ್ತದೆ, ಆದರೆ ಸುದ್ದಿ ಸಪ್ಪೆಯಾಗುತ್ತದೆ. ಕೆಲವು ಕಡೆ ವಾಕ್ಯವೇ ಕೆಡುತ್ತದೆ.

ಈ ಮಾರ್ಗದರ್ಶಿ ಮುಖ್ಯವಾಗಿ ಇಬ್ಬರಿಗೆ: ಕನ್ನಡದ ಸುದ್ದಿಯನ್ನು ಇಂಗ್ಲಿಷಿಗೆ ತರುವವರಿಗೆ ಮತ್ತು ಸ್ಪರ್ಧಾತ್ಮಕ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಯಲ್ಲಿ ಸರಿಯಾದ ಪದ ಆರಿಸಬೇಕಾದ ವಿದ್ಯಾರ್ಥಿಗಳಿಗೆ. ಐದು ಕ್ರಿಯಾಪದಗಳ ಪೈಕಿ ಹೆಚ್ಚು ಜಾಗ ‘ವೈ’ ಎಂಬ ಪುಟ್ಟ ಪದಕ್ಕೆ. ನಮ್ಮ ತರಗತಿಗಳಲ್ಲಿ ಅತಿ ಕಡಿಮೆ ಕಲಿಸುವ, ಇಂಗ್ಲಿಷ್ ಪತ್ರಿಕೆಗಳ ತಲೆಬರಹದಲ್ಲಿ ಮತ್ತೆ ಮತ್ತೆ ಎದುರಾಗುವ ಪದ ಅದೇ.

ಪ್ರತಿಯೊಂದು ಪದದ ಹುಟ್ಟನ್ನೂ ಹೇಳುತ್ತಾ ಹೋಗುತ್ತೇವೆ. ಪದದ ಹಿಂದಿನ ಹಳೆಯ ಚಿತ್ರ ಕಣ್ಣಿಗೆ ಬಂದರೆ, ಅದರ ಮುಂದೆ ‘ಫಾರ್’ ಬರುತ್ತದೋ ‘ವಿತ್’ ಬರುತ್ತದೋ ಏನೂ ಬರುವುದಿಲ್ಲವೋ ಎಂಬುದನ್ನು ಬಾಯಿಪಾಠ ಮಾಡುವ ಕಷ್ಟ ಬಹಳ ಕಡಿಮೆಯಾಗುತ್ತದೆ.

ವೈ: ಪಣ ಏರಿಸಿದವರ ಪದ

ಮೊದಲು ಉಚ್ಚಾರಣೆ ಮತ್ತು ಕಾಗುಣಿತ, ಏಕೆಂದರೆ ಎಡವುವುದು ಇಲ್ಲಿಂದಲೇ. ವಿ, ಐ, ಇ ಎಂಬ ಮೂರೇ ಅಕ್ಷರ. ಉಚ್ಚಾರಣೆ ಪೈ, ಡೈ, ಟೈ ಇದ್ದಂತೆ. ‘ಏಕೆ’ ಎಂದು ಕೇಳುವ ಇಂಗ್ಲಿಷ್ ಪದ, ಆ ವರ್ಣಮಾಲೆಯ ಕೊನೆಯಿಂದ ಎರಡನೇ ಅಕ್ಷರ, ಈ ಕ್ರಿಯಾಪದ ಮೂರನ್ನೂ ಕನ್ನಡದಲ್ಲಿ ಒಂದೇ ರೀತಿ ‘ವೈ’ ಎಂದು ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಮೊದಲೆರಡಕ್ಕೆ ತುಟಿ ದುಂಡಾಗುತ್ತದೆ. ಕ್ರಿಯಾಪದಕ್ಕೆ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಬೇಕು.

ರೂಪಗಳು ಡೈ, ಲೈ, ಟೈ ಕ್ರಿಯಾಪದಗಳ ಹಾದಿಯಲ್ಲೇ ನಡೆಯುತ್ತವೆ. ಭೂತಕಾಲಕ್ಕೆ ಕೊನೆಗೆ ಡಿ ಸೇರಿಸಿದರೆ ಸಾಕು. ನಡೆಯುತ್ತಿರುವ ಕ್ರಿಯೆಗೆ ಐ ಮತ್ತು ಇ ಎರಡೂ ಬಿದ್ದುಹೋಗಿ ಆ ಜಾಗಕ್ಕೆ ವೈ ಅಕ್ಷರ ಬರುತ್ತದೆ: ವಿ, ವೈ, ಐ, ಎನ್, ಜಿ. ಮೂರೂ ಅಕ್ಷರ ಉಳಿಸಿಕೊಂಡು ಐಎನ್‌ಜಿ ಅಂಟಿಸುವುದು ಬಹಳ ಸಾಮಾನ್ಯ ತಪ್ಪು. ಈ ಪದ ಹೆಚ್ಚಾಗಿ ಬರುವುದೇ ‘ವೈಯಿಂಗ್’ ರೂಪದಲ್ಲಿ. ಮೂಲ ರೂಪ ಗೊತ್ತಿಲ್ಲದವರು ನಿಘಂಟಿನಲ್ಲಿ ವಿ, ವೈ ಎಂದು ಹುಡುಕಿ, ಸಿಗದೆ ಕೈಬಿಡುವುದು ಅದಕ್ಕೇ.

ಈಗ ಹುಟ್ಟಿನ ಕಡೆಗೆ. ಲ್ಯಾಟಿನ್ನಿನಲ್ಲಿ ‘ಇನ್ವಿಟಾರೆ’ ಎಂದರೆ ಆಹ್ವಾನಿಸು, ಕರೆ. ಇಂಗ್ಲಿಷಿನ ‘ಇನ್ವೈಟ್’ ಬಂದದ್ದೂ ಅಲ್ಲಿಂದಲೇ. ಅದು ಹಳೆಯ ಫ್ರೆಂಚಿಗೆ ಇಳಿದಾಗ ‘ಎನ್ವಿಯೆ’ ಆಯಿತು. ಆ ಹೊತ್ತಿಗೆ ಅರ್ಥವೂ ಖಾರವಾಗಿತ್ತು: ಬಾ ಎಂದು ಕೆಣಕು, ಜೂಜಿನಲ್ಲಿ ಪಣ ಒಡ್ಡು, ಎದುರಾಳಿ ಒಡ್ಡಿದ ಪಣದ ಮೇಲೆ ಇನ್ನಷ್ಟು ಏರಿಸು. ಇಂಗ್ಲಿಷಿಗೆ ಬಂದಮೇಲೆ ಮೊದಲ ‘ಎನ್’ ಸವೆದುಹೋಗಿ ಬಾಲ ಮಾತ್ರ ಉಳಿಯಿತು. ‘ಡಿಫೆನ್ಸ್’ ಎಂಬುದರ ತಲೆ ಹೋಗಿ ಬೇಲಿ ಎಂಬರ್ಥದ ‘ಫೆನ್ಸ್’ ಉಳಿದದ್ದೂ ಇದೇ ರೀತಿ. 1560ರ ದಶಕದ ಇಂಗ್ಲಿಷಿನಲ್ಲಿ ‘ವೈ’ ಎಂದರೆ ಇಸ್ಪೀಟಿನಲ್ಲಿ ಪಣ ಕಟ್ಟು ಎಂದೇ ಅರ್ಥ. ಒಬ್ಬ ‘ವೈ’ ಎಂದು ಏರಿಸಿದರೆ ಇನ್ನೊಬ್ಬ ‘ರಿವೈ’ ಎಂದು ಅದರ ಮೇಲೆ ಏರಿಸುತ್ತಿದ್ದ. ಆಟದ ಮೇಜಿನಿಂದ ಎದ್ದು ಬದುಕಿನ ಬೇರೆ ಪೈಪೋಟಿಗಳಿಗೂ ಪದ ಹರಡಿಕೊಂಡದ್ದು ಆಮೇಲೆ. ಇಸ್ಪೀಟಿನ ಆಟಗಳನ್ನು ವಿಂಗಡಿಸುವವರು ಪೋಕರ್, ಬ್ರ್ಯಾಗ್‌ನಂಥ ಪಣ ಏರಿಸುವ ಆಟಗಳನ್ನು ಇಂದಿಗೂ ‘ವೈಯಿಂಗ್ ಗೇಮ್ಸ್’ ಎಂದೇ ಕರೆಯುತ್ತಾರೆ. ನಮ್ಮಲ್ಲಿ ಹಬ್ಬದ ರಾತ್ರಿ ಆಡುವ ತೀನ್ ಪತ್ತಿಯೂ ಅದೇ ಗುಂಪಿನದು.

ಕನ್ನಡ ಬಲ್ಲವರಿಗೆ ಈ ಪಯಣ ಹೊಸದಲ್ಲ. ‘ಪಂಥಾಹ್ವಾನ’ ಪದವನ್ನೇ ಬಿಡಿಸಿ ನೋಡಿ: ಪಂಥ ಎಂದರೆ ಬಾಜಿ, ಆಹ್ವಾನ ಎಂದರೆ ಕರೆ. ಲ್ಯಾಟಿನ್ನಿನ ಕರೆ ಫ್ರೆಂಚಿನಲ್ಲಿ ಬಾಜಿಯಾದ ಕಥೆ ಈ ಒಂದೇ ಪದದೊಳಗಿದೆ. ‘ಪಂದ್ಯ’ವೂ ಅಷ್ಟೆ. ‘ಪಂದ್ಯ ಕಟ್ಟು’ ಎಂದಾಗ ಅದು ಬಾಜಿ, ‘ಕ್ರಿಕೆಟ್ ಪಂದ್ಯ’ ಎಂದಾಗ ಆಟದ ಸೆಣಸು. ಕೋಲಾರ, ಚಿಕ್ಕಬಳ್ಳಾಪುರದ ತೆಲುಗು ಮನೆಗಳಲ್ಲಿ ‘ಪಂದೆಂ’ ಇನ್ನೂ ಬಾಜಿಯಾಗಿಯೇ ಉಳಿದಿದೆ. ಇನ್ನು ‘ಸವಾಲು’. ಅರಬ್ಬಿ–ಪಾರ್ಸಿಯಿಂದ ಬಂದ ಇದರ ಮೂಲ ಅರ್ಥ ಪ್ರಶ್ನೆ. ಕನ್ನಡದಲ್ಲಿ ಎದುರಾಳಿಗೆ ಹಾಕುವುದೂ ಸವಾಲು, ಹರಾಜಿನಲ್ಲಿ ಕೂಗುವುದೂ ಸವಾಲು. ಹರಾಜು ಪ್ರಕಟಣೆಗಳಲ್ಲಿ ‘ಸವಾಲುದಾರರು’ ಎಂದರೆ ಕೂಗುವವರು. ಕೆಣಕುವುದು, ದರ ಏರಿಸುವುದು ಎರಡನ್ನೂ ಒಂದೇ ಪದದಲ್ಲಿ ಹಿಡಿದ ಭಾಷೆಯವರಿಗೆ ‘ವೈ’ ಕಷ್ಟವಾಗಬೇಕಾಗಿಲ್ಲ.

ಹಾಗಾಗಿ ‘ವೈ’ ಬರೆಯುವ ಮುನ್ನ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೆನೆಸಿಕೊಳ್ಳಿ. ನಡುವೆ ಒಂದು ಲಾಟು ಗೂಡು, ಅದನ್ನು ಬಯಸುವ, ಗೂಡಿನಿಂದ ನೂಲು ತೆಗೆಯುವ ಹಲವು ರೀಲರ್‌ಗಳು. ಒಬ್ಬರು ಹೇಳಿದ ದರದ ಮೇಲೆ ಇನ್ನೊಬ್ಬರ ದರ. ಹಿಂದೆ ಕೂಗಿ ಹೇಳುತ್ತಿದ್ದರು, ಇ–ಹರಾಜಿನಲ್ಲಿ ಮೊಬೈಲಿನಲ್ಲಿ ಒತ್ತುತ್ತಾರೆ. ಈ ಚಿತ್ರದಲ್ಲಿ ಮೂರು ಅಂಶಗಳಿವೆ: ಎಲ್ಲರಿಗೂ ಸಾಲದ ಒಂದು ವಸ್ತು, ಅದನ್ನು ಬಯಸುವ ಒಬ್ಬರಿಗಿಂತ ಹೆಚ್ಚು ಜನ, ಕ್ಷಣಕ್ಷಣಕ್ಕೂ ಏರುವ ಮೇಲಾಟ. ಮೂರೂ ಇದ್ದರೆ ‘ವೈ’ ಸರಿಯಾದ ಪದ. ಒಂದು ತಪ್ಪಿದರೂ ಬೇರೆ ಪದ ನೋಡಿಕೊಳ್ಳಬೇಕು.

ವ್ಯಾಕರಣವೂ ಈ ಚಿತ್ರದಿಂದಲೇ ಹುಟ್ಟುತ್ತದೆ. ನಡುವಿನ ವಸ್ತುವಿನ ಮುಂದೆ ‘ಫಾರ್’: ‘ವೈ ಫಾರ್ ದ ಟಿಕೆಟ್’. ಎದುರು ಕೂಗುವವರ ಮುಂದೆ ‘ವಿತ್’: ‘ವೈ ವಿತ್ ಈಚ್ ಅದರ್’. ಏನು ಮಾಡಲು ಹೊರಟಿದ್ದಾರೆ ಎಂದು ಹೇಳಬೇಕಾದರೆ ‘ಟು’: ‘ವೈ ಟು ಬೈ’. ನೇರ ಕರ್ಮಪದವನ್ನು ಇದು ಇಂದಿನ ಬಳಕೆಯಲ್ಲಿ ತೆಗೆದುಕೊಳ್ಳುವುದಿಲ್ಲ. ‘ವೈ ದ ಎಲೆಕ್ಷನ್’ ಎಂದು ಬರೆದರೆ ತಪ್ಪು. ಕರ್ಮವೇ ಇಲ್ಲವಾದ್ದರಿಂದ ಕರ್ಮಣಿ ಪ್ರಯೋಗವೂ ಇಲ್ಲ. ಇದರಿಂದ ಹುಟ್ಟಿದ, ದಿನಬಳಕೆಯಲ್ಲಿರುವ ನಾಮಪದವೂ ಇಲ್ಲ. ‘ತುರುಸಿನ ಪೈಪೋಟಿ’ ಎಂಬ ನಾಮಪದ ಬೇಕೆಂದರೆ ‘ಕಾಂಪಿಟಿಷನ್’ ಅಥವಾ ‘ಕಂಟೆಸ್ಟ್’ ಕಡೆಗೇ ಹೋಗಬೇಕು.

ಇನ್ನೊಂದು ಸಂಗತಿ: ಇದು ಬರಹದ ಪದ. ಮಾತಿನಲ್ಲಿ ‘ಐ ವಿಲ್ ವೈ’ ಎಂದು ಯಾರೂ ಹೇಳುವುದಿಲ್ಲ. ಬೇರೆಯವರ ಮೇಲಾಟವನ್ನು ದೂರದಿಂದ ನೋಡಿ ಹೇಳುವಾಗ ಇದು ಒಪ್ಪುತ್ತದೆ, ಉದ್ಯೋಗದ ಅರ್ಜಿಯಲ್ಲಿ ತನ್ನ ಬಗ್ಗೆ ತಾನೇ ಬರೆದುಕೊಳ್ಳುವಾಗ ಒಪ್ಪುವುದಿಲ್ಲ. ಆದರೆ ಜೀವವಿಲ್ಲದವುಗಳಿಗೆ ಚೆನ್ನಾಗಿ ಹೊಂದುತ್ತದೆ. ಸಂಜೆ ರಸ್ತೆ ಬದಿ ಬೋಂಡ, ಮಸಾಲೆಪುರಿ, ಸುಟ್ಟ ಜೋಳದ ವಾಸನೆಗಳು ನಾ ಮುಂದು ತಾ ಮುಂದು ಎಂದು ಮೂಗಿಗೆ ಬಡಿಯುತ್ತವಲ್ಲ, ಅಲ್ಲಿ ‘ವೈಯಿಂಗ್ ಫಾರ್ ಅಟೆನ್ಷನ್’ ಎಂಬಷ್ಟು ಸರಿಯಾದ ಮಾತು ಇಂಗ್ಲಿಷಿನಲ್ಲಿ ಬೇರೆ ಸಿಗುವುದು ಕಷ್ಟ. ತಲೆಬರಹ ಬರೆಯುವವರಿಗೆ ಮೂರೇ ಅಕ್ಷರವೆಂಬ ಲಾಭವೂ ಉಂಟು.

ಹುಟ್ಟಿನ ಬಗ್ಗೆ ಎರಡು ತಪ್ಪು ತಿಳಿವಳಿಕೆಗಳಿವೆ. ‘ಎನ್ವಿ’, ಅಂದರೆ ಹೊಟ್ಟೆಕಿಚ್ಚು, ಇದರ ಮೂಲ ಎಂಬುದು ಮೊದಲನೆಯದು. ಫ್ರೆಂಚಿನಲ್ಲಿ ಎರಡೂ ಕ್ರಿಯಾಪದಗಳ ಅಕ್ಷರಗಳು ಒಂದೇ ಆದದ್ದರಿಂದ ಈ ಗೊಂದಲ. ಹೊಟ್ಟೆಕಿಚ್ಚಿನ ಪದ ಬಂದದ್ದು ಲ್ಯಾಟಿನ್ನಿನ ‘ಇನ್ವಿಡೆರೆ’ಯಿಂದ. ಅದರೊಳಗೆ ನೋಡು ಎಂಬ ಧಾತು ಇದೆ, ಕೆಟ್ಟ ಕಣ್ಣಿನಿಂದ ನೋಡುವುದು ಎಂಬ ಅರ್ಥ. ನಮ್ಮ ‘ಕಣ್ಣು ಬಿತ್ತು’ ಎನ್ನುವ ಮಾತಿಗೆ ಹತ್ತಿರ. ‘ವೈ’ಯೊಳಗೆ ಕರೆ ಇದೆ, ಕಣ್ಣಿಲ್ಲ. ಎರಡನೆಯದು ಫ್ರೆಂಚಿನ ‘ವಿ’, ಅಂದರೆ ಬದುಕು. ಅಕ್ಷರ ಮೂರೂ ಅವೇ, ನಂಟು ಏನೂ ಇಲ್ಲ.

ಕಂಪೀಟ್: ಒಂದೇ ಗುರಿಯತ್ತ ಜೊತೆಯ ಓಟ

‘ಕಾಮ್’ ಎಂದರೆ ಜೊತೆಗೆ, ‘ಪೆಟೆರೆ’ ಎಂದರೆ ಗುರಿಯತ್ತ ನುಗ್ಗು, ಬಯಸು, ಬೇಡು. ಸಂಸ್ಕೃತದ ‘ಪತ್’ ಧಾತುವೂ ಲ್ಯಾಟಿನ್ನಿನ ಈ ‘ಪೆಟೆರೆ’ಯೂ ಒಂದೇ ಹಳೆಯ ಬೇರಿನವು. ಹಾರುವ ‘ಪತಂಗ’, ಬೀಳುವ ‘ಪತನ’ ಎರಡರಲ್ಲೂ ಆ ಬೇರು ಕಾಣುತ್ತದೆ.

ಈ ಪದದ ಹಳೆಯ ಲ್ಯಾಟಿನ್ ಅರ್ಥದಲ್ಲಿ ಜಗಳವೇ ಇರಲಿಲ್ಲ. ಕೂಡಿ ಬರುವುದು, ಹೊಂದುವುದು, ತಕ್ಕದ್ದಾಗಿರುವುದು ಎಂದಷ್ಟೇ ಇತ್ತು. ‘ಕಾಂಪಿಟೆಂಟ್’ ಪದದಲ್ಲಿ ಆ ಅರ್ಥ ಇನ್ನೂ ಬದುಕಿದೆ. ತಾಲ್ಲೂಕು ಕಚೇರಿಯ ಕಾಗದಗಳಲ್ಲಿ ‘ಸಕ್ಷಮ ಪ್ರಾಧಿಕಾರ’ ಎಂದು ಬರುತ್ತದಲ್ಲ, ಅದರ ಇಂಗ್ಲಿಷ್ ಮೂಲದಲ್ಲಿರುವುದು ಇದೇ ಪದ. ಇಂಗ್ಲಿಷಿನಲ್ಲಿ ಕ್ರಿಯಾಪದವಾಗಿ ‘ಕಂಪೀಟ್’ ಕಾಣಿಸಿಕೊಂಡದ್ದು 1610ರ ದಶಕದಲ್ಲಿ. ಆಮೇಲೆ ಬಹುಕಾಲ ಅಪರೂಪವಾಗಿದ್ದು, 18ನೇ ಶತಮಾನದ ಕೊನೆಗೆ ಮತ್ತೆ ಚಲಾವಣೆಗೆ ಬಂತು. 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನವರು ಇದನ್ನು ಸ್ಕಾಟ್ಲೆಂಡಿನ ಅಥವಾ ಅಮೆರಿಕದ ಬಳಕೆಯೆಂದು ಹೊರಗಿನದಾಗಿ ಕಾಣುತ್ತಿದ್ದರು. ಇಂದು ಎಲ್ಲಕ್ಕಿಂತ ಸಾದಾ, ಎಲ್ಲ ಕಡೆ ಸಲ್ಲುವ ಪದ ಇದೇ.

ನಿಯಮ, ವೇದಿಕೆ, ಅಳತೆ ಇರುವ ಸ್ಪರ್ಧೆಗೆ ‘ಕಂಪೀಟ್’. ಓಟ, ಖೋಖೋ, ಪರೀಕ್ಷೆ, ಮಾರುಕಟ್ಟೆ, ಟೆಂಡರ್. ಆಟ ಅಥವಾ ಪಂದ್ಯಾವಳಿಯ ಮುಂದೆ ‘ಇನ್’, ಎದುರಾಳಿಯ ಮುಂದೆ ‘ವಿತ್’ ಅಥವಾ ‘ಅಗೇನ್ಸ್ಟ್’, ಬಹುಮಾನದ ಮುಂದೆ ‘ಫಾರ್’. ಕೋಲಾರದ ಟೊಮೆಟೊ ನಾಸಿಕ್ ಟೊಮೆಟೊ ಜೊತೆ ಹೊರರಾಜ್ಯದ ಮಾರುಕಟ್ಟೆಯಲ್ಲಿ ‘ಕಂಪೀಟ್’ ಮಾಡುತ್ತದೆ. ಅಲ್ಲಿ ‘ವೈ’ ಬೇಡ, ಏಕೆಂದರೆ ಅದು ವರ್ಷಗಟ್ಟಲೆ ನಡೆಯುವ ವ್ಯಾಪಾರ, ಒಂದು ವಸ್ತುವಿನ ಮೇಲೆ ಮುಗಿಬಿದ್ದದ್ದಲ್ಲ. ಮಂಡಿಯ ಒಳಗೆ, 15 ಕೆ.ಜಿ. ಬಾಕ್ಸುಗಳ ಒಂದು ಒಳ್ಳೆಯ ಲಾಟಿಗೆ ವರ್ತಕರು ಮೇಲೆ ಮೇಲೆ ಕೂಗುತ್ತಿದ್ದರೆ ಅದು ‘ವೈಯಿಂಗ್’.

ಇದಕ್ಕೂ ನೇರ ಕರ್ಮ ಇಲ್ಲ. ‘ಕಂಪೀಟ್ ದ ಎಕ್ಸಾಮ್’ ತಪ್ಪು. ಕನ್ನಡದಲ್ಲಿ ‘ಪರೀಕ್ಷೆ ಬರೆ’ ಎಂದು ಕರ್ಮವಿಟ್ಟು ಹೇಳುವ ರೂಢಿ ಈ ತಪ್ಪಿಗೆ ಕಾರಣ. ಸಂದೇಹ ಬಂದು, ಯೋಚಿಸಲು ಸಮಯವಿಲ್ಲದಿದ್ದರೆ ‘ಕಂಪೀಟ್’ ಬರೆಯಿರಿ. ಸಪ್ಪೆಯಾದರೂ ಸುರಕ್ಷಿತ.

ಕಂಟೆಂಡ್: ಹಗ್ಗ ಬಿಗಿಯಾದಾಗ

‘ಟೆಂಡೆರೆ’ ಎಂದರೆ ಎಳೆ, ಚಾಚು, ಬಿಗಿ ಮಾಡು. ಸಂಸ್ಕೃತದ ‘ತನ್’ ಧಾತು ಇದರ ಒಡಹುಟ್ಟು. ನೂಲೆಂಬ ಅರ್ಥದ ‘ತಂತು’, ಮಗ್ಗದ ನೆನಪಿರುವ ‘ತಂತ್ರ’ ಆ ಕಡೆಯವು. ಹಗ್ಗಜಗ್ಗಾಟದ ಚಿತ್ರವನ್ನೇ ಇಟ್ಟುಕೊಳ್ಳಿ. ಎರಡೂ ಕಡೆ ಬಲ ಬೀಳುತ್ತಿದೆ, ಹಗ್ಗ ಬಿಗಿದಿದೆ.

15ನೇ ಶತಮಾನದಿಂದ ಇಂಗ್ಲಿಷಿನಲ್ಲಿರುವ ಈ ಪದಕ್ಕೆ ಇಂದು ಮೂರು ಕೆಲಸಗಳಿವೆ. ಪ್ರಶಸ್ತಿಗಾಗಿ ಸೆಣಸುವುದು ಒಂದು, ಅಲ್ಲಿ ‘ಫಾರ್’ ಬರುತ್ತದೆ. ಗೆಲ್ಲುವ ಬಲ ನಿಜವಾಗಿ ಇರುವವರಿಗೆ ಮಾತ್ರ ಬಳಸಬೇಕು. ‘ಕಂಟೆಂಡರ್’ ಎಂದರೆ ಸುಮ್ಮನೆ ಭಾಗವಹಿಸಿದವರಲ್ಲ, ಕಪ್ ಹೊಡೆಯಬಲ್ಲವರು. ಎರಡನೆಯದು ಕಷ್ಟದ ಜೊತೆ ಹೆಣಗುವುದು. ಪಾವಗಡದ ರೈತರು ಬರದ ಜೊತೆ ಹೆಣಗುತ್ತಾರೆ ಎನ್ನಲು ‘ಕಂಟೆಂಡ್ ವಿತ್ ಡ್ರಾಟ್’. ಬರ ಎದುರಾಳಿ ತಂಡವಲ್ಲ, ಅದಕ್ಕೂ ಬಹುಮಾನ ಬೇಕಾಗಿಲ್ಲ. ಆದ್ದರಿಂದ ಇಲ್ಲಿ ‘ಕಂಪೀಟ್’, ‘ವೈ’ ಎರಡೂ ಸಲ್ಲುವುದಿಲ್ಲ. ಮೂರನೆಯದು ವಾದಿಸುವುದು: ‘ಕಂಟೆಂಡ್ ದ್ಯಾಟ್’. ವಕೀಲರ ವಾದವನ್ನು ವರದಿ ಮಾಡುವಾಗ ಇದು ಬಹಳ ಉಪಯುಕ್ತ. ಅವರು ಹೇಳಿದ್ದು ಸತ್ಯವೆಂದೂ ಸುಳ್ಳೆಂದೂ ಬರೆಯುವವರು ತೀರ್ಪು ಕೊಟ್ಟಂತಾಗುವುದಿಲ್ಲ.

ಕಂಟೆಸ್ಟ್: ಸಾಕ್ಷಿ ಕರೆದವರ ಪದ

ನಮ್ಮ ಜಿಲ್ಲೆಗಳ ಸುದ್ದಿಯಲ್ಲಿ ಹೆಚ್ಚು ಬೇಕಾಗುವುದೂ ಹೆಚ್ಚು ಕೆಡುವುದೂ ಇದೇ. ‘ಟೆಸ್ಟಿಸ್’ ಎಂದರೆ ಲ್ಯಾಟಿನ್ನಿನಲ್ಲಿ ಸಾಕ್ಷಿ. ಇಬ್ಬರ ನಡುವೆ ಮೂರನೆಯವನಾಗಿ ನಿಂತವನು ಎಂಬುದು ಅದರ ಒಳಗಿನ ಅರ್ಥ. ‘ಮೂರು’, ‘ನಿಲ್ಲು’ ಎಂಬ ಎರಡು ಬೇರುಗಳು ಅದರಲ್ಲಿವೆ. ‘ಕಾಂಟೆಸ್ಟಾರಿ’ ಎಂದರೆ ಸಾಕ್ಷಿಗಳನ್ನು ಕರೆದು ದಾವೆ ಶುರುಮಾಡುವುದು. ಪತ್ರ ದೃಢೀಕರಿಸುವ ‘ಅಟೆಸ್ಟ್’, ಪ್ರತಿಭಟಿಸುವ ‘ಪ್ರೊಟೆಸ್ಟ್’, ಉಯಿಲೆಂಬ ಅರ್ಥದ ‘ಟೆಸ್ಟಮೆಂಟ್’ ಇದೇ ಮನೆಯವು. ಪರೀಕ್ಷೆಯ ‘ಟೆಸ್ಟ್’ ಮಾತ್ರ ಈ ಮನೆಯದಲ್ಲ. ಅದು ಲೋಹ ಪರೀಕ್ಷಿಸುವ ಮಣ್ಣಿನ ಪಾತ್ರೆಯ ಹೆಸರಿನಿಂದ ಬಂದದ್ದು.

ಹುಟ್ಟು ನ್ಯಾಯಾಲಯದಲ್ಲಿ ಆದದ್ದರಿಂದ ಇದಕ್ಕೆ ನೇರ ಕರ್ಮ ಬೇಕು. ಉಯಿಲನ್ನು, ಆದೇಶವನ್ನು, ತೀರ್ಮಾನವನ್ನು, ಚುನಾವಣೆಯನ್ನು ‘ಕಂಟೆಸ್ಟ್’ ಮಾಡುತ್ತಾರೆ. ನಡುವೆ ‘ಫಾರ್’, ‘ಇನ್’ ಏನೂ ಬೇಡ. ‘ಕಂಟೆಸ್ಟ್ ಇನ್ ದ ಎಲೆಕ್ಷನ್’ ಎಂದು ನಾವು ಬರೆಯುವುದಕ್ಕೆ ‘ಚುನಾವಣೆಯಲ್ಲಿ ಸ್ಪರ್ಧಿಸು’ ಎಂಬಲ್ಲಿನ ‘ಅಲ್ಲಿ’ ಪ್ರತ್ಯಯವೇ ಕಾರಣ. ‘ಕಂಟೆಸ್ಟ್ ದ ಎಲೆಕ್ಷನ್’ ಸಾಕು. ಕ್ಷೇತ್ರದ ಹೆಸರಿಗೆ ‘ಫ್ರಮ್’: 2019ರಲ್ಲಿ ಎಚ್.ಡಿ. ದೇವೇಗೌಡರು ತುಮಕೂರು ಲೋಕಸಭಾ ಕ್ಷೇತ್ರದಿಂದ ‘ಕಂಟೆಸ್ಟ್’ ಮಾಡಿದರು, ಗೆದ್ದವರು ಜಿ.ಎಸ್. ಬಸವರಾಜು. ಭಾರತೀಯ ಇಂಗ್ಲಿಷಿನಲ್ಲಿ ಇದು ಬೇರೂರಿದ ಬಳಕೆ. ಬ್ರಿಟನ್ನಿನವರು ಇಲ್ಲಿ ಹೆಚ್ಚಾಗಿ ‘ಸ್ಟ್ಯಾಂಡ್’ ಎನ್ನುತ್ತಾರೆ, ಅಮೆರಿಕದವರು ‘ರನ್’ ಎನ್ನುತ್ತಾರೆ. ನಾವು ನಮ್ಮದನ್ನು ಬಿಡಬೇಕಾಗಿಲ್ಲ.

ಕರ್ಮಣಿ ಪ್ರಯೋಗವೂ ಇದಕ್ಕೆ ಸಲೀಸು. 2014ರಲ್ಲಿ ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರದಲ್ಲಿ ವೀರಪ್ಪ ಮೊಯ್ಲಿ, ಬಿ.ಎನ್. ಬಚ್ಚೇಗೌಡ, ಎಚ್.ಡಿ. ಕುಮಾರಸ್ವಾಮಿ ನಡುವೆ ನಡೆದ ತ್ರಿಕೋನ ಸ್ಪರ್ಧೆಯಂಥದ್ದನ್ನು ‘ಹಾಟ್ಲಿ ಕಂಟೆಸ್ಟೆಡ್ ಸೀಟ್’ ಎನ್ನಬಹುದು. ‘ವೈಡ್ ಸೀಟ್’ ಎನ್ನಲಾಗದು.

ಉಚ್ಚಾರಣೆಯಲ್ಲಿ ಒಂದು ಎಚ್ಚರ. ನಾಮಪದವಾದರೆ ಒತ್ತು ಮೊದಲ ‘ಕಾನ್’ ಮೇಲೆ, ಕ್ರಿಯಾಪದವಾದರೆ ‘ಟೆಸ್ಟ್’ ಮೇಲೆ.

ಟಿಕೆಟ್‌ನಿಂದ ಮತಪೆಟ್ಟಿಗೆವರೆಗೆ ಯಾವ ಪದ ಎಂಬ ಪ್ರಶ್ನೆಗೆ ನಮ್ಮ ಸಲಹೆ ಇದು. ಬಿ ಫಾರ್ಮ್ ಕೈಗೆ ಸಿಗುವವರೆಗೆ ಆಕಾಂಕ್ಷಿಗಳದ್ದು ‘ವೈಯಿಂಗ್’, ಏಕೆಂದರೆ ಒಂದೇ ಟಿಕೆಟ್, ಹಲವು ಕೈ, ದಿನಕ್ಕೊಂದು ಲಾಬಿ. ನಾಮಪತ್ರ ಸಲ್ಲಿಸಿದ ಮೇಲೆ ‘ಕಂಟೆಸ್ಟಿಂಗ್’. ಕಣದಲ್ಲಿರುವ ಹನ್ನೆರಡು ಮಂದಿಯಲ್ಲಿ ಗೆಲ್ಲುವ ಸಾಧ್ಯತೆ ಇರುವ ಇಬ್ಬರು ಮೂವರಷ್ಟೇ ‘ಕಂಟೆಂಡರ್ಸ್’. ಟಿಕೆಟ್ ಹಂತದಲ್ಲೇ ‘ಕಂಟೆಸ್ಟಿಂಗ್’ ಎಂದು ಬರೆದರೆ ಓದುಗರು ಉಮೇದುವಾರಿಕೆ ಖಚಿತವಾಯಿತೆಂದು ತಿಳಿಯುತ್ತಾರೆ. ಇದು ಭಾಷೆಯ ತಪ್ಪಿಗಿಂತ ದೊಡ್ಡದು, ಸುದ್ದಿಯೇ ತಪ್ಪಿದಂತೆ.

ರೈವಲ್: ಒಂದೇ ಕಾಲುವೆಯ ನೀರು

ಐದರಲ್ಲಿ ಅತಿ ಚೆಲುವಾದ ಹುಟ್ಟು ಇದರದು, ನೀರಿಗೆ ಬಾಯಿ ಬಿಡುವ ನಮ್ಮ ಸೀಮೆಯವರ ಮನಸ್ಸಿಗೆ ಬೇಗ ನಾಟುವಂಥದ್ದು. ‘ರಿವುಸ್’ ಎಂದರೆ ತೊರೆ. ‘ರಿವಾಲಿಸ್’ ಎಂದರೆ ಅದೇ ತೊರೆಯ ನೀರು ಬಳಸುವ ಇನ್ನೊಬ್ಬ. ಕೋಲಾರ ಸೀಮೆಯ ಕೆರೆಗಳಲ್ಲಿ ನೀರಗಂಟಿ ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ಬಿಡುತ್ತಿದ್ದದ್ದು ಏಕೆ ಎಂದು ಯೋಚಿಸಿದರೆ ಈ ಪದ ತಾನಾಗಿ ಅರ್ಥವಾಗುತ್ತದೆ. ಮೇಲಿನ ಗದ್ದೆಯವರು ಹೆಚ್ಚು ಹರಿಸಿಕೊಂಡರೆ ಕೆಳಗಿನ ಗದ್ದೆಗೆ ಇಲ್ಲ. ನೀರು ಹಂಚಿಕೊಳ್ಳುವ ನೆರೆಯವನೇ ಎದುರಾಳಿಯೂ ಹೌದು. ಒಂದು ಮೂಲದಿಂದ ಪಡೆ ಎಂಬ ಅರ್ಥದ ‘ಡಿರೈವ್’ ಕೂಡ ಈ ತೊರೆಯಿಂದ ಹರಿದದ್ದು. ನದಿ ಎಂಬ ‘ರಿವರ್’ ಮಾತ್ರ ಇದರ ಬಂಧುವಲ್ಲ. ಅದು ದಡ ಎಂಬರ್ಥದ ‘ರಿಪಾ’ದಿಂದ ಬಂದದ್ದು.

ನಾಮಪದವಾಗಿ ‘ರೈವಲ್’ ಎಂದರೆ ಎದುರಾಳಿ. ಕ್ರಿಯಾಪದವಾದಾಗ ಅರ್ಥ ಬದಲಾಗುತ್ತದೆ, ಎಡವುವುದೂ ಇಲ್ಲೇ. ‘ಎ ರೈವಲ್ಸ್ ಬಿ’ ಎಂದರೆ ಎರಡೂ ಸ್ಪರ್ಧಿಸುತ್ತಿವೆ ಎಂದಲ್ಲ, ಮೊದಲನೆಯದು ಎರಡನೆಯದಕ್ಕೆ ಸಾಟಿಯಾಗಿದೆ, ಸರಿಗಟ್ಟುತ್ತದೆ ಎಂದು. ಅದು ಕ್ರಿಯೆಯಲ್ಲ, ಸ್ಥಿತಿ. ಹಾಗಾಗಿ ಸಾಮಾನ್ಯವಾಗಿ ಐಎನ್‌ಜಿ ರೂಪ ಒಪ್ಪುವುದಿಲ್ಲ, ‘ವಿತ್’ ಕೂಡ ಬೇಡ. ತಿಪಟೂರಿನ ಕೊಬ್ಬರಿಯ ಸವಿಗೆ ಬೇರೆ ಊರಿನದು ಸಾಟಿಯಾಗದು ಎನ್ನಲು ಇದು ಹೇಳಿ ಮಾಡಿಸಿದ ಪದ. ‘ಸಾಟಿಯಿಲ್ಲದ’ ಎಂಬುದಕ್ಕೆ ‘ಅನ್‌ರೈವಲ್ಡ್’ ಸಿದ್ಧವಾಗಿಯೇ ಇದೆ. ಭೂತಕಾಲದಲ್ಲಿ ನಾವು ಅನುಸರಿಸುವ ಬ್ರಿಟಿಷ್ ಕಾಗುಣಿತಕ್ಕೆ ಎರಡು ಎಲ್, ಅಮೆರಿಕದ್ದಕ್ಕೆ ಒಂದು.

ಹತ್ತಿರದ ಇನ್ನೆರಡು

‘ಎಮ್ಯುಲೇಟ್’ ಲ್ಯಾಟಿನ್ನಿನಲ್ಲಿ ಪೈಪೋಟಿಯ ಪದವೇ ಆಗಿತ್ತು. ಇಂದು ಮೆಚ್ಚಿದವರ ಹಾಗೆ ಆಗಲು, ಅವರ ಸಾಧನೆಯನ್ನು ಸರಿಗಟ್ಟಲು ಯತ್ನಿಸುವುದು ಎಂದರ್ಥ. ಹಿರಿಯ ಆಟಗಾರ್ತಿಯನ್ನು ಕಿರಿಯಳು ‘ಎಮ್ಯುಲೇಟ್’ ಮಾಡುತ್ತಾಳೆ. ಇಬ್ಬರೂ ಒಂದೇ ಅಂಕಣದಲ್ಲಿ ಇರಬೇಕೆಂದಿಲ್ಲ. ‘ಸ್ಟ್ರೈವ್’ ಎಂದರೆ ಬೆವರು ಹರಿಸಿ ಯತ್ನಿಸುವುದಷ್ಟೇ, ಎದುರಾಳಿ ಇಲ್ಲದಿದ್ದರೂ ನಡೆಯುತ್ತದೆ.

ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ

ಈ ದಾರಿಯಲ್ಲಿ ತಪ್ಪು ಇನ್ನೂ ಹೆಚ್ಚು, ಅದು ನೋಯಿಸುವಂಥದ್ದು ಕೂಡ. ‘ವೈಯಿಂಗ್ ವಿತ್ ಒನ್ ಅನದರ್’ ಕಂಡ ಕೂಡಲೇ ‘ಪರಸ್ಪರ ಸ್ಪರ್ಧಿಸುತ್ತಿದ್ದಾರೆ’ ಎಂದು ಬರೆದು ಮುಂದೆ ಹೋಗುತ್ತಾರೆ. ಕನ್ನಡದಲ್ಲಿ ಅದಕ್ಕೆ ಎಷ್ಟು ಮಾತುಗಳಿವೆ! ಜನ ಮುಗಿಬಿದ್ದಿದ್ದರೆ ‘ನಾ ಮುಂದು ತಾ ಮುಂದು ಎಂದು’. ಅಧಿಕಾರಕ್ಕಾದರೆ ‘ಮೇಲಾಟ’. ಬೆಲೆ ಏರಿಸುತ್ತಿದ್ದರೆ ‘ಪೈಪೋಟಿಗೆ ಬಿದ್ದು’. ಬುದ್ಧಿ ಬಿಟ್ಟು ಹಟ ಹಿಡಿದಿದ್ದರೆ ‘ಜಿದ್ದಿಗೆ ಬಿದ್ದು’. ಬಲದ ಮಾತಾದರೆ ‘ಸೆಣಸು’, ಇದು ಹಳಗನ್ನಡದಿಂದಲೂ ಬಂದ ನಮ್ಮದೇ ಪದ. ಹೊಟ್ಟೆಕಿಚ್ಚಿನ ವಾಸನೆ ಇರುವ ಪೈಪೋಟಿಗೆ ‘ಹುರುಡು’. ಈಗ ಬಳಕೆ ಕಡಿಮೆಯಾದರೂ ಬಿಟ್ಟುಕೊಡಬಾರದ ಮಾತು ಅದು. ಗಡಿಭಾಗದ ಚಿಂತಾಮಣಿ, ಬಾಗೇಪಲ್ಲಿ, ಮುಳಬಾಗಿಲು ಕಡೆ ತೆಲುಗಿನ ‘ಪೋಟೀ’ ಮನೆಮಾತು. ಅಲ್ಲಿನ ಓದುಗರಿಗೆ ‘ಸ್ಪರ್ಧೆ’ಗಿಂತ ‘ಪೈಪೋಟಿ’ ಕಿವಿಗೆ ಹತ್ತಿರ.

‘ರೈವಲ್ಸ್’ ಎಂಬ ಕ್ರಿಯಾಪದವನ್ನು ‘ಸ್ಪರ್ಧಿಸುತ್ತದೆ’ ಎಂದು ತರುವುದು ತಪ್ಪು ಅನುವಾದ. ‘ಸರಿಸಾಟಿಯಾಗಿದೆ’ ಎನ್ನಬೇಕು. ‘ಕಂಟೆಸ್ಟೆಡ್ ಕ್ಲೇಮ್’ ಎಂಬುದು ‘ಸ್ಪರ್ಧಿಸಿದ ಹಕ್ಕು’ ಅಲ್ಲ, ‘ವಿವಾದಿತ ಹಕ್ಕು’ ಅಥವಾ ‘ತಕರಾರಿರುವ ಹಕ್ಕು’. ಜಮೀನಿನ ದಾಖಲೆ ಅನುವಾದ ಮಾಡುವವರು ಇಲ್ಲಿ ಎಚ್ಚರ ತಪ್ಪಿದರೆ ಓದುವವರಿಗೆ ತಕರಾರು ಇರುವುದೇ ಗೊತ್ತಾಗುವುದಿಲ್ಲ.

ಒಂದು ಸುದ್ದಿ, ನಾಲ್ಕು ಆಯ್ಕೆ

ಅಭ್ಯಾಸಕ್ಕೆ ಒಂದು ಸುದ್ದಿಯನ್ನು ಇಂಗ್ಲಿಷಿಗೆ ತರೋಣ. ‘ವಿಧಾನಸಭಾ ಟಿಕೆಟ್‌ಗಾಗಿ ಒಂದೇ ಪಕ್ಷದ ನಾಲ್ವರ ನಡುವೆ ಪೈಪೋಟಿ. ಟಿಕೆಟ್ ಕೈತಪ್ಪಿದ ಒಬ್ಬರು ಪಕ್ಷೇತರರಾಗಿ ಕಣಕ್ಕೆ. ಅಧಿಕೃತ ಅಭ್ಯರ್ಥಿಗೆ ಬಂಡಾಯದ ಬಿಸಿ. ಫಲಿತಾಂಶ ಪ್ರಶ್ನಿಸಿ ಸೋತವರಿಂದ ಹೈಕೋರ್ಟ್‌ಗೆ ಅರ್ಜಿ.’

ಮೊದಲ ವಾಕ್ಯದಲ್ಲಿ ವಸ್ತು ಒಂದು, ಬಯಸುವವರು ನಾಲ್ವರು, ಇನ್ನೂ ತೀರ್ಮಾನವಾಗಿಲ್ಲ. ‘ವೈಯಿಂಗ್ ಫಾರ್’. ಎರಡನೆಯದರಲ್ಲಿ ನಾಮಪತ್ರ ಬಂತು, ‘ಕಂಟೆಸ್ಟಿಂಗ್ ಆ್ಯಸ್ ಆ್ಯನ್ ಇಂಡಿಪೆಂಡೆಂಟ್’. ಇಲ್ಲಿ ‘ಕಂಪೀಟಿಂಗ್’ ಹಾಕಿದರೆ ಶಾಲಾ ಕ್ರೀಡಾಕೂಟದ ಧಾಟಿ ಬಂದುಬಿಡುತ್ತದೆ. ಮೂರನೆಯದು ಎದುರಾಳಿಗಿಂತ ಹೆಚ್ಚಾಗಿ ಸಂಕಟ, ಆದ್ದರಿಂದ ‘ಹ್ಯಾಸ್ ಟು ಕಂಟೆಂಡ್ ವಿತ್’. ಬಂಡಾಯದ ‘ಬಿಸಿ’ಯನ್ನು ಪದಕ್ಕೆ ಪದ ತರಲು ಹೋಗಬೇಡಿ, ಇಂಗ್ಲಿಷಿನಲ್ಲಿ ಹವಾಮಾನದ ಸುದ್ದಿಯಂತೆ ಓದಿಸಿಕೊಳ್ಳುತ್ತದೆ.

ನಾಲ್ಕನೆಯದಕ್ಕೆ ಮತ್ತೆ ‘ಕಂಟೆಸ್ಟ್’ ಬರೆಯಬಹುದು, ಫಲಿತಾಂಶವನ್ನು ಪ್ರಶ್ನಿಸುವುದು ಅದರ ಹುಟ್ಟಿನ ಅರ್ಥಕ್ಕೆ ಅತಿ ಹತ್ತಿರ. ಆದರೆ ಎರಡು ವಾಕ್ಯದ ಹಿಂದೆ ಅದೇ ಪದ ಚುನಾವಣೆಗೆ ನಿಲ್ಲುವ ಅರ್ಥದಲ್ಲಿ ಬಂದಿದೆ. ಒಂದೇ ಸುದ್ದಿಯಲ್ಲಿ ಒಂದು ಪದಕ್ಕೆ ಎರಡು ಅರ್ಥ ಕೊಟ್ಟರೆ ಓದುಗ ತಡವರಿಸುತ್ತಾನೆ. ‘ಚಾಲೆಂಜ್’ ಬಳಸಿ, ಜೊತೆಗೆ ಕಾನೂನಿನ ಹೆಸರನ್ನೇ ಹಾಕಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯಂತೆ ಫಲಿತಾಂಶದಿಂದ 45 ದಿನಗಳೊಳಗೆ ಹೈಕೋರ್ಟ್‌ಗೆ ಸಲ್ಲಿಸಬೇಕಾದ ಈ ಚುನಾವಣಾ ತಕರಾರು ಅರ್ಜಿಗೆ ಇಂಗ್ಲಿಷಿನಲ್ಲಿ ‘ಎಲೆಕ್ಷನ್ ಪಿಟಿಷನ್’ ಎನ್ನುತ್ತಾರೆ. ‘ಪಿಟಿಷನ್’ ಬಂದದ್ದು ನುಗ್ಗು, ಬೇಡು ಎಂಬ ಅದೇ ‘ಪೆಟೆರೆ’ಯಿಂದ, ‘ಕಂಪೀಟ್’ ಒಳಗೆ ಕೂತಿರುವುದೂ ಅದೇ.